ಕಡಲಾಚೆಗೆ ಹೋಗಿ ಇಂಗ್ಲಿಷ್ ಕಲಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತವು. ವಿದೇಶದಲ್ಲಿ ಇಂಗ್ಲಿಷ್ ಶಿಕ್ಷಕರಾಗಲು ಏನು ಓದಿರಬೇಕು, ಯಾವ ದೇಶ ನಮ್ಮವರನ್ನು ತೆಗೆದುಕೊಳ್ಳುತ್ತದೆ, ಯಾರ ಮಾತನ್ನು ನಂಬಬೇಕು ಎಂದು ಓದುಗರು ಕೇಳಿದ್ದಾರೆ. ಮಾಲ್ಡೀವ್ಸ್‌ನ ಒಂದು ಚಿಕ್ಕ ದ್ವೀಪದ ಶಾಲೆಯಲ್ಲಿ ನಾಲ್ಕು ವರ್ಷ, ಆಮೇಲೆ ಒಮಾನಿನ ಭಾರತೀಯ ಶಾಲೆಯೊಂದರಲ್ಲಿ ಒಂಬತ್ತು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟು, ನಾಲ್ಕು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ. ಬರೆದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಎಸ್ಸೆಸ್ಸೆಲ್ಸಿಯವರೆಗೆ ತರೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯುಸಿಯಿಂದ ಇಂಗ್ಲಿಷ್ ಮಾಧ್ಯಮ. ಇಂಗ್ಲಿಷ್ ಎಂ.ಎ. ಮತ್ತು ಎರಡು ವರ್ಷದ ಬಿ.ಇಡಿ. ಮುಗಿಸಿ, ಐದು ವರ್ಷದಿಂದ ಖಾಸಗಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಸಂಬಳ 18,000 ರೂಪಾಯಿ. ಜಪಾನ್, ಕೊರಿಯಾ, ಚೀನಾ ದೇಶಗಳಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಬಹಳ ಬೇಡಿಕೆ ಇದೆಯೆಂದೂ, ಎರಡೂವರೆ ಲಕ್ಷ ಕೊಟ್ಟರೆ ಈ ಮೂರರಲ್ಲಿ ಒಂದು ಕಡೆ ಕೆಲಸ ಖಚಿತವೆಂದೂ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಅಪ್ಪ ತೋಟದ ಮೇಲೆ ಸಾಲ ತೆಗೆಯಲು ಒಪ್ಪಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವಳ ಇಂಗ್ಲಿಷ್ ಅಲ್ಲಿಯವರಿಗೆ ಒಪ್ಪಿಗೆಯಾಗುತ್ತದೆಯೇ?

ಉತ್ತರ: ಮೊದಲು ಅಪ್ಪನಿಗೆ ಹೇಳಿ, ತೋಟದ ಮೇಲೆ ಸಾಲ ಮಾಡುವುದು ಬೇಡ. ಏಕೆ ಬೇಡ ಎಂಬುದನ್ನು ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸಿ ವಿವರಿಸುತ್ತೇನೆ. ನಿಮ್ಮ ಇಂಗ್ಲಿಷ್ ಮಕ್ಕಳಿಗೆ ಒಪ್ಪಿಗೆಯಾಗುತ್ತದೆ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ವೀಸಾ ಕೊಡುವ ಕಚೇರಿಯ ಒಪ್ಪಿಗೆ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ಆ ಲೆಕ್ಕ ಮೂರು ದೇಶಗಳಲ್ಲಿ ಮೂರು ಬಗೆಯದು, ಮತ್ತು ನಿಮ್ಮ ಏಜೆಂಟರು ಅದನ್ನು ನಿಮಗೆ ಹೇಳಿಲ್ಲ.

ಚೀನಾದಿಂದ ಶುರು ಮಾಡೋಣ, ಏಕೆಂದರೆ ಅಲ್ಲಿ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. 2017ರಿಂದ ಜಾರಿಯಲ್ಲಿರುವ ಕೆಲಸದ ಪರವಾನಗಿ ವ್ಯವಸ್ಥೆಯಲ್ಲಿ, ಒಂದು ಭಾಷೆಯನ್ನು ಕಲಿಸಲು ಬರುವವರು ಸಾಮಾನ್ಯವಾಗಿ ಆ ಭಾಷೆ ಮಾತೃಭಾಷೆಯಾಗಿರುವ ದೇಶದ ಪ್ರಜೆಗಳಾಗಿರಬೇಕು. ಭಾರತದ ಪಾಸ್‌ಪೋರ್ಟ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದರ ಮೇಲೆ 2021ರ ಜುಲೈನಲ್ಲಿ ಶಾಲೆಯ ಹೊರಗಿನ ಟ್ಯೂಷನ್ ಉದ್ಯಮಕ್ಕೆ ಅಲ್ಲಿನ ಸರ್ಕಾರ ಕಡಿವಾಣ ಹಾಕಿದ್ದರಿಂದ, ಇಂಗ್ಲಿಷ್ ಕಲಿಸುವ ಎಷ್ಟೋ ಖಾಸಗಿ ಕೇಂದ್ರಗಳು ಮುಚ್ಚಿಹೋದವು. ಬೇರೆ ಬಗೆಯ ವೀಸಾದಲ್ಲಿ ಕರೆಸಿಕೊಂಡು ಪಾಠಕ್ಕೆ ನಿಲ್ಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಸಿಕ್ಕಿಬಿದ್ದ ದಿನ ದಂಡ ಕಟ್ಟಿ ಗಡೀಪಾರಾಗುವವರು ನೀವು, ಅವರಲ್ಲ.

ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇ-2 ವೀಸಾ ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಆದರೆ ಇಲ್ಲಿ ನಮ್ಮವರಿಗೆ ಒಂದು ಸಣ್ಣ ದಾರಿ ಇದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದ ಪ್ರಕಾರ, ಪದವಿಯ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತೆಯೂ ಇರುವ ಭಾರತೀಯರು ಅಲ್ಲಿನ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ನಿಮ್ಮ ಬಿ.ಇಡಿ. ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹಗ್ವಾನ್ ಎಂದು ಕರೆಯುವ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ಅವಕಾಶ ಅನ್ವಯಿಸುವುದಿಲ್ಲ. ಈ ದಾರಿಯಲ್ಲಿ ಹೋದವರು ಕಡಿಮೆ. ಆದ್ದರಿಂದ ಅರ್ಜಿ ಹಾಕಿ ನೋಡಿ, ಆದರೆ ಇದೊಂದನ್ನೇ ನಂಬಿ ಕೂರಬೇಡಿ.

ಜಪಾನಿನ ನಿಯಮವನ್ನು ಓದಿದಾಗ ನನಗೆ ಕನ್ನಡ ಶಾಲೆಯ ಮಕ್ಕಳ ನೆನಪಾಗಿ ಮನಸ್ಸಿಗೆ ನೋವಾಗುತ್ತದೆ. ಅಲ್ಲಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೊಡುವ ಶಿಕ್ಷಕ ವೀಸಾಕ್ಕೆ, ಕಲಿಸುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕೆಂಬ ಷರತ್ತಿದೆ. ಅಲ್ಲಿ ಕೇಳುವುದು ಪಾಸ್‌ಪೋರ್ಟನ್ನಲ್ಲ, ಶಾಲೆಯ ಮಾಧ್ಯಮವನ್ನು. ನಿಮ್ಮ ವರ್ಷಗಳನ್ನು ಕೂಡಿಸಿ ನೋಡಿ: ಪಿಯುಸಿ ಎರಡು, ಬಿ.ಎ. ಮೂರು, ಎಂ.ಎ. ಎರಡು, ಬಿ.ಇಡಿ. ಎರಡು, ಒಟ್ಟು ಒಂಬತ್ತು. ಹನ್ನೆರಡಕ್ಕೆ ಇನ್ನೂ ಮೂರು ವರ್ಷ ಕಡಿಮೆ. ಬೆಂಗಳೂರಿನಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಪಿಯುಸಿ ಮುಗಿಸಿದ ಹುಡುಗಿ ಈ ಷರತ್ತನ್ನು ಸಲೀಸಾಗಿ ದಾಟುತ್ತಾಳೆ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತು, ಎಂ.ಎ. ಮಾಡಿ, ಐದು ವರ್ಷ ಕಲಿಸಿದ ನೀವು ದಾಟುವುದಿಲ್ಲ. ಖಾಸಗಿ ಸಂಭಾಷಣಾ ಶಾಲೆಗಳ ವೀಸಾ ಬೇರೆ ವರ್ಗದ್ದು, ಅಲ್ಲಿ ಪದವಿ ಮುಖ್ಯ; ಆದರೆ ಅಂಥ ಶಾಲೆಗಳಲ್ಲಿ ಮಾತೃಭಾಷಿಕರೇ ಬೇಕೆನ್ನುವವರು ಬಹಳ.

ಮೂಲತಃ ಕಾಶ್ಮೀರದವರಾದ ಭಾಷಾಶಾಸ್ತ್ರಜ್ಞ ಬ್ರಜ್ ಕಚ್ರು 1985ರಲ್ಲಿ ಜಗತ್ತಿನ ಇಂಗ್ಲಿಷನ್ನು ಮೂರು ವರ್ತುಲಗಳಾಗಿ ವಿಂಗಡಿಸಿ ತೋರಿಸಿದರು. ಒಳಗಿನದು ಇಂಗ್ಲೆಂಡ್, ಅಮೆರಿಕದಂಥ ದೇಶಗಳದ್ದು. ಎರಡನೆಯದು ಭಾರತ, ನೈಜೀರಿಯಾದಂತೆ ಇಂಗ್ಲಿಷನ್ನು ಆಡಳಿತಕ್ಕೂ ಶಿಕ್ಷಣಕ್ಕೂ ಬಳಸುವ ದೇಶಗಳದ್ದು. ಹೊರಗಿನದು ಚೀನಾ, ಜಪಾನ್‌ನಂತೆ ಅದನ್ನು ಪರಭಾಷೆಯಾಗಿ ಕಲಿಯುವ ದೇಶಗಳದ್ದು. ಹೊರಗಿನ ವರ್ತುಲದವರು ಶಿಕ್ಷಕರನ್ನು ಹುಡುಕುವಾಗ ಎರಡನೆಯದನ್ನು ದಾಟಿ ನೇರವಾಗಿ ಒಳಗಿನದಕ್ಕೇ ಹೋಗುತ್ತಾರೆ. ಇದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಹೀಗಿರುವಾಗ ಎರಡೂವರೆ ಲಕ್ಷಕ್ಕೆ ಈ ಮೂರರಲ್ಲಿ ಒಂದು ಖಚಿತ ಎನ್ನುವ ಮಾತಿಗೆ ಯಾವ ಆಧಾರವೂ ಇಲ್ಲ. ಭಾರತದಿಂದ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಅಡಿಯಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು; ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನೋಂದಣಿ ಸಂಖ್ಯೆ ಕೇಳಿ, ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿ. ಸಂಖ್ಯೆ ಕೊಡಲು ಹಿಂಜರಿಯುವವರ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಹಾಗಾದರೆ ನಿಮಗೆ ಎಲ್ಲಿ ಅವಕಾಶ? ಒಂದು, ಕೊಲ್ಲಿ ದೇಶಗಳಲ್ಲಿರುವ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳು. ಇವು ಬಿ.ಇಡಿ. ಮತ್ತು ಅನುಭವ ಇರುವವರನ್ನೇ ಕೇಳುತ್ತವೆ, ಅದು ನಿಮ್ಮಲ್ಲಿ ಇದೆ. ಅಲ್ಲಿ ಹೊಸ ವರ್ಷದ ತರಗತಿಗಳು ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ಶಾಲೆಗಳ ಜಾಲತಾಣಗಳನ್ನು ನೀವೇ ನೋಡುತ್ತಿರಿ. ಎರಡು, ಮಾಲ್ಡೀವ್ಸ್. ಅಲ್ಲಿ ಬೋಧನೆಯ ಮಾಧ್ಯಮ ಇಂಗ್ಲಿಷ್. ಭಾರತೀಯ ಶಿಕ್ಷಕರು ದಶಕಗಳಿಂದ ದ್ವೀಪದ ಶಾಲೆಗಳಲ್ಲಿದ್ದಾರೆ. ಮೂರು, ವಿಯೆಟ್ನಾಂ ಮತ್ತು ಥಾಯ್ಲೆಂಡ್. ಮಾತೃಭಾಷಿಕರಲ್ಲದವರಿಂದ ಅಲ್ಲಿ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆಯ ಅಂಕ ಮತ್ತು ಬೋಧನಾ ಪ್ರಮಾಣಪತ್ರ ಕೇಳುತ್ತಾರೆ.

ಇಷ್ಟು ದೇಶದ ಮಾತಾಯಿತು. ಇನ್ನು ಕೆಲಸದ ಮಾತು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೇಲೆ ಹೇಳಿದ ಎಲ್ಲ ಕಡೆಯೂ ಹುದ್ದೆಯ ಹೆಸರು ಇಂಗ್ಲಿಷ್ ಶಿಕ್ಷಕಿ ಎಂದೇ ಇದ್ದರೂ, ಮಾಡುವ ಕೆಲಸ ಒಂದೇ ಅಲ್ಲ. ಕೊಲ್ಲಿಯ ಭಾರತೀಯ ಶಾಲೆಯಲ್ಲಿ ನೀವು ಈಗ ಮಾಡುತ್ತಿರುವುದನ್ನೇ ಮಾಡುತ್ತೀರಿ: ಪದ್ಯ, ಗದ್ಯ, ವ್ಯಾಕರಣ, ಬೋರ್ಡ್ ಪರೀಕ್ಷೆ. ವಿಯೆಟ್ನಾಮಿನ ಭಾಷಾ ಕೇಂದ್ರದಲ್ಲಿ ಪಾಠ ವಿವರಿಸುವ ಕೆಲಸವೇ ಇಲ್ಲ. ನಲವತ್ತೈದು ನಿಮಿಷದಲ್ಲಿ ಮೂವತ್ತು ನಿಮಿಷ ಮಕ್ಕಳೇ ಮಾತಾಡುವಂತೆ ಮಾಡಬೇಕು, ಮತ್ತು ಅರ್ಥ ಹೇಳಲು ಕನ್ನಡದ ಸಹಾಯ ಇರುವುದಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಪದ್ಯವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ, ಸಾರಾಂಶ ಬರೆಸಿ, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಪಳಗಿದ ಕೈ ಅಲ್ಲಿ ಮೊದಲ ವಾರವೇ ಬರಿದಾಗುತ್ತದೆ.

ಆದರೆ ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿತವರಿಗೆ ಒಂದು ಬಲವಿದೆ; ಅದನ್ನು ಸಂದರ್ಶನದಲ್ಲಿ ಧೈರ್ಯವಾಗಿ ಹೇಳಿಕೊಳ್ಳಿ. ನಮ್ಮ ಮಕ್ಕಳು ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎಂದು ಏಕೆ ಬರೆಯುತ್ತಾರೆ ಎಂಬುದು ನಿಮಗೆ ಗೊತ್ತು. ‘ನಿನ್ನೆ ಬಂದಿದ್ದೆ’ ಎಂಬ ಕನ್ನಡದ ‘ಇದ್ದೆ’ ಅಲ್ಲಿ ‘ಹ್ಯಾಡ್’ ಆಗಿ ಕೂತಿರುತ್ತದೆ. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ ಅದು ತಪ್ಪೆಂದು ಕಿವಿಗೆ ತಿಳಿಯುತ್ತದೆ, ತಪ್ಪು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಥಾಯ್ ಮಗುವಿನ ತಪ್ಪು ಬೇರೆ, ವಿಯೆಟ್ನಾಮಿನ ಮಗುವಿನ ತಪ್ಪು ಬೇರೆ. ಆದರೆ ತಪ್ಪಿನ ಹಿಂದೆ ಒಂದು ಮನೆಮಾತು ಇರುತ್ತದೆ ಎಂದು ಅರಿತವರು ಅದನ್ನು ಹುಡುಕಿ ತಿದ್ದುತ್ತಾರೆ.

ಭಾಷೆಯನ್ನು ಭಾಷೆಯಾಗಿ ಕಲಿಸುವ ತರಬೇತಿಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾಗಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇಂಗ್ಲಿಷ್ ಬೋಧನೆಯಲ್ಲೇ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ವಿದೇಶಿ ಭಾಷಾ ಕೇಂದ್ರಗಳು ಹೆಚ್ಚು ಗೌರವಿಸುವುದು ಕೇಂಬ್ರಿಜ್‌ನ ಸೆಲ್ಟಾ ಪ್ರಮಾಣಪತ್ರವನ್ನು. ಪೂರ್ಣಾವಧಿಯಲ್ಲಿ ಮಾಡಿದರೆ ನಾಲ್ಕೈದು ವಾರದ ಆ ಕೋರ್ಸಿನಲ್ಲಿ, ನಿಜವಾದ ಕಲಿಯುವವರ ಮುಂದೆ ನಿಂತು ಒಟ್ಟು ಆರು ಗಂಟೆ ಪಾಠ ಮಾಡಬೇಕು. ಹಿಂದೆ ಕೂತ ತರಬೇತುದಾರರು ಪ್ರತಿ ಪಾಠಕ್ಕೂ ಟಿಪ್ಪಣಿ ಬರೆಯುತ್ತಾರೆ. ಖರ್ಚು ಕಡಿಮೆಯಲ್ಲ. ಆದರೂ ಏಜೆಂಟರಿಗೆ ಕೊಡಬೇಕೆಂದಿದ್ದ ಹಣದ ಒಂದು ಭಾಗವನ್ನು ಇದಕ್ಕೆ ಹಾಕಿದರೆ, ಅದು ಕೊನೆಯವರೆಗೂ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ನಿವೃತ್ತ ಬ್ಯಾಂಕ್ ನೌಕರ. ಮಗಳು ಎಂ.ಎ., ಬಿ.ಇಡಿ. ಮಾಡಿದ್ದಾಳೆ. ಯುಎಇಯ ಶಾಲೆಯೊಂದು ಫೋನಿನಲ್ಲೇ ಸಂದರ್ಶನ ಮಾಡಿ ಆಯ್ಕೆ ಮಾಡಿದೆಯಂತೆ. ಮಧ್ಯವರ್ತಿಗಳು ‘ಸದ್ಯ ವಿಸಿಟ್ ವೀಸಾದಲ್ಲಿ ಕಳಿಸಿ, ಅಲ್ಲಿ ಹೋದ ಮೇಲೆ ಬದಲಾಯಿಸುತ್ತೇವೆ, ಮೂಲ ಅಂಕಪಟ್ಟಿಗಳನ್ನು ನಮ್ಮ ಕೈಗೆ ಕೊಡಿ’ ಎನ್ನುತ್ತಾರೆ. ಒಳ್ಳೆಯ ಅವಕಾಶ ತಪ್ಪಿಹೋಗುತ್ತದೆಂಬ ಭಯವೂ ಇದೆ, ಕಳಿಸಲು ಭಯವೂ ಇದೆ.

ಉತ್ತರ: ನಿಮ್ಮ ಎರಡನೆಯ ಭಯ ಸರಿಯಾದದ್ದು, ಸರ್. ವಿಸಿಟ್ ವೀಸಾದಲ್ಲಿ ಇದ್ದುಕೊಂಡು ಕೆಲಸ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಹಾಗೆ ಹೋದ ಹುಡುಗಿ ಒಂದು ತಿಂಗಳು ಪಾಠ ಮಾಡಿ ಸಂಬಳ ಕೇಳಿದಾಗ, ಶಾಲೆಯವರು ‘ನೀವು ನಮ್ಮ ನೌಕರರೇ ಅಲ್ಲ’ ಎಂದರೆ ದೂರು ಕೊಡಲು ಅವಳ ಬಳಿ ಒಪ್ಪಂದದ ಒಂದು ಹಾಳೆಯೂ ಇರುವುದಿಲ್ಲ. ಒಮಾನಿನಲ್ಲಿ ನನ್ನ ಪಕ್ಕದ ಮನೆಯಲ್ಲಿ ಕೆಲ ದಿನ ಇದ್ದ ತಂಗಿಯೊಬ್ಬಳಿಗೆ ಬೇರೊಂದು ದೇಶದಲ್ಲಿ ಹೀಗೇ ಆಗಿತ್ತು. ಎರಡು ತಿಂಗಳ ದುಡಿಮೆಯನ್ನು ಬಿಟ್ಟು, ಟಿಕೆಟ್ಟಿಗೆ ಊರಿನಿಂದ ಹಣ ತರಿಸಿಕೊಂಡು ಅವಳು ವಾಪಸಾದಳು.

ಯುಎಇಯ ಕಾರ್ಮಿಕ ಇಲಾಖೆ ಗೊತ್ತುಪಡಿಸಿದ ನಮೂನೆಯಲ್ಲಿ ನೇಮಕಾತಿಯ ಪತ್ರ ಬರಬೇಕು. ಮೂಲ ವೇತನ, ಭತ್ಯೆ, ವಸತಿ, ಪ್ರೊಬೇಷನ್ ಅವಧಿ ಎಲ್ಲವೂ ಅದರಲ್ಲಿ ಅಂಕಿಗಳಲ್ಲಿ ಇರಬೇಕು. ಮೂಲ ವೇತನ ಎಷ್ಟು ಎಂಬುದನ್ನು ವಿಶೇಷವಾಗಿ ನೋಡಿ, ಏಕೆಂದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಅದರ ಮೇಲೆಯೇ ನಿಲ್ಲುತ್ತದೆ: ಕನಿಷ್ಠ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಅನಂತರದ ವರ್ಷಗಳಿಗೆ 30 ದಿನದ್ದು. ಒಟ್ಟು ಸಂಬಳ ದೊಡ್ಡದಾಗಿ ಕಂಡು ಮೂಲ ವೇತನ ತೀರ ಚಿಕ್ಕದಾಗಿದ್ದರೆ ಕಾರಣ ಕೇಳಿ. ನೇಮಕಾತಿಯ ಖರ್ಚನ್ನು ಉದ್ಯೋಗಿಯ ಮೇಲೆ ಹೊರಿಸುವಂತಿಲ್ಲ. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುವಂತಿಲ್ಲ. ಈ ಎರಡನ್ನೂ ಅಲ್ಲಿನ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲಿ ಟ್ಯೂಷನ್ ಹೇಳಿ ಎರಡು ಕಾಸು ಸೇರಿಸುವ ಯೋಚನೆ ಮಗಳಿಗಿದ್ದರೆ, 2023ರ ಡಿಸೆಂಬರ್‌ನಿಂದ ಅದಕ್ಕೆ ಪ್ರತ್ಯೇಕ ಪರವಾನಗಿ ಇದೆ ಎಂದು ತಿಳಿಸಿ. ಪರವಾನಗಿಯಿಲ್ಲದೆ ಹೇಳಿಕೊಡುವುದು ತಪ್ಪಾಗುತ್ತದೆ.

ಮೂಲ ಅಂಕಪಟ್ಟಿಗಳನ್ನು ಅಪರಿಚಿತರ ಕೈಗೆ ಕೊಡಬೇಡಿ. ದೃಢೀಕರಣಕ್ಕೆ ಅವು ಬೇಕೇ ಬೇಕು, ಆದರೆ ಆ ಕೆಲಸವನ್ನು ನೀವೇ ಮಾಡಿಸಬಹುದು. ಯುಎಇಗೆ ಕ್ರಮ ಹೀಗೆ: ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರ್ಕಾರದ ಶಿಕ್ಷಣ ವಿಭಾಗ ದೃಢೀಕರಿಸಬೇಕು, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ಒಮಾನ್, ಬಹ್ರೇನ್ ಮತ್ತು ಸೌದಿ ಅರೇಬಿಯಾಗಳಿಗಾದರೆ ಇಷ್ಟು ಸುತ್ತಿಲ್ಲ. ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಅವು ಸೇರಿರುವುದರಿಂದ, ರಾಜ್ಯದ ದೃಢೀಕರಣದ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಬಿದ್ದರೆ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಭಾರತ ಆ ಒಪ್ಪಂದದಲ್ಲಿರುವುದು 2005ರಿಂದ, ಸೌದಿಯಲ್ಲಿ ಅದು ಜಾರಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ.

ಇಲ್ಲಿ ಎರಡು ಚಿಕ್ಕ ವಿಷಯಗಳನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇವುಗಳಿಂದ ತಿಂಗಳುಗಟ್ಟಲೆ ಕಳೆದುಕೊಂಡವರನ್ನು ನೋಡಿದ್ದೇನೆ. ನಮ್ಮಲ್ಲಿ ಪದವಿ ಪತ್ರ ಕೈಗೆ ಬಂದ ದಿನವೇ ಅಂಗಡಿಗೆ ಕೊಂಡೊಯ್ದು ಲ್ಯಾಮಿನೇಷನ್ ಮಾಡಿಸುವ ರೂಢಿ ಇದೆ. ದೃಢೀಕರಣದ ಮುದ್ರೆ ಮತ್ತು ಚೀಟಿಗಳು ಬೀಳುವುದು ಆ ಪತ್ರದ ಹಿಂಬದಿಯ ಖಾಲಿ ಕಾಗದದ ಮೇಲೆ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಕೂರುವುದಿಲ್ಲ, ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದ ಹರಿಯುತ್ತದೆ, ಕೊನೆಗೆ ವಿಶ್ವವಿದ್ಯಾಲಯಕ್ಕೆ ನಕಲು ಪ್ರತಿಗಾಗಿ ಅರ್ಜಿ ಹಾಕಿ ಕಾಯಬೇಕಾಗುತ್ತದೆ. ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪದವಿ ಪತ್ರದಲ್ಲಿ ಹೆಸರಿನ ಮುಂದೆ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಮದುವೆಯಾಗಿದ್ದರೆ ಗಂಡನ ಮನೆಯ ಹೆಸರು ಬೇರೆ. ನಮ್ಮ ಕಣ್ಣಿಗೆ ಇವೆಲ್ಲ ಒಬ್ಬಳೇ ಹುಡುಗಿ. ಅಲ್ಲಿನ ಗುಮಾಸ್ತರ ಕಣ್ಣಿಗೆ ಮೂವರು. ಎಲ್ಲ ಪತ್ರಗಳನ್ನೂ ಮೇಜಿನ ಮೇಲೆ ಹರಡಿ, ಅಕ್ಷರಕ್ಕೆ ಅಕ್ಷರ ಹೋಲಿಸಿ, ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುವ ಪೊಲೀಸ್ ನಡತೆ ಪ್ರಮಾಣಪತ್ರವನ್ನು ಮಾತ್ರ ಕೊನೆಯಲ್ಲಿ ಮಾಡಿಸಿ. ಹಳೆಯದನ್ನು ಕಚೇರಿಗಳು ಒಪ್ಪುವುದಿಲ್ಲ.

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಬಿ.ಇ. ಮುಗಿಸಿದ್ದೇನೆ. ಆನ್‌ಲೈನಿನಲ್ಲಿ 120 ಗಂಟೆಯ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರ ಪಡೆದಿದ್ದೇನೆ. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಬಲ್ಲವರಿಗೆ ತಿಂಗಳಿಗೆ ಒಂದೂವರೆ ಲಕ್ಷದ ಕೆಲಸವಿದೆ, ಟಿಕೆಟ್ ಅವರೇ ಕೊಡುತ್ತಾರೆ, ಸಂದರ್ಶನವಿಲ್ಲ ಎಂಬ ಸಂದೇಶ ಟೆಲಿಗ್ರಾಂನಲ್ಲಿ ಬಂದಿದೆ. ಒಪ್ಪಿಕೊಳ್ಳಲೇ?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ಸಂದರ್ಶನವಿಲ್ಲದೆ, ನೀವು ಪಾಠ ಮಾಡುವುದನ್ನು ಒಮ್ಮೆಯೂ ನೋಡದೆ, ಟಿಕೆಟ್ ಕಳಿಸುವ ಶಾಲೆ ಇರುವುದಿಲ್ಲ. ಇಂಗ್ಲಿಷ್ ಮತ್ತು ಕಂಪ್ಯೂಟರ್ ಬಲ್ಲ ನಮ್ಮ ಯುವಕರನ್ನು ಇದೇ ಬಗೆಯ ಸಂದೇಶಗಳಿಂದ ಬ್ಯಾಂಕಾಕಿಗೆ ಕರೆಸಿ, ಅಲ್ಲಿಂದ ಮೇ ಸೋಟ್ ಎಂಬ ಗಡಿ ಪಟ್ಟಣಕ್ಕೆ ಒಯ್ದು, ಮೊಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿಯಲ್ಲಿ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಒಂದೆರಡಲ್ಲ. ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ ನೂರಾರು ಭಾರತೀಯರನ್ನು ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಆ ಸಂದೇಶವನ್ನು ಅಳಿಸದೆ ಸೈಬರ್ ಪೊಲೀಸರಿಗೆ ತೋರಿಸಿದರೆ ಇನ್ನೊಬ್ಬರಿಗೆ ಉಪಕಾರವಾಗುತ್ತದೆ.

ಥಾಯ್ಲೆಂಡಿನಲ್ಲಿ ನಿಜವಾದ ಶಿಕ್ಷಕ ವೃತ್ತಿಗೆ ಸರಿಯಾದ ದಾರಿ ಇದೆ. ನಾನ್ ಇಮಿಗ್ರೆಂಟ್ ‘ಬಿ’ ವೀಸಾ, ಕೆಲಸದ ಪರವಾನಗಿ, ಶಾಲೆಯಲ್ಲಿ ಕಲಿಸುವುದಾದರೆ ಥಾಯ್ಲೆಂಡಿನ ಶಿಕ್ಷಕರ ಮಂಡಳಿಯ ಅನುಮತಿ ಬೇಕು. ಮಾತೃಭಾಷಿಕರಲ್ಲದವರಿಂದ ಸಾಮಾನ್ಯವಾಗಿ ಟೋಯಿಕ್ ಎಂಬ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆಯಲ್ಲಿ ಕನಿಷ್ಠ 600 ಅಂಕ ಕೇಳುತ್ತಾರೆ. ನೀವು ಎಂಜಿನಿಯರ್ ಆಗಿರುವುದರಿಂದ ಇನ್ನೊಂದು ಸಲಹೆ ಕೊಡುತ್ತೇನೆ: ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ಪ್ರತ್ಯೇಕ ವಿಭಾಗಗಳಿವೆ. ಭಾರತೀಯ ಅಭ್ಯರ್ಥಿಗೆ ಇಂಗ್ಲಿಷ್ ಶಿಕ್ಷಕನ ಹುದ್ದೆಗಿಂತ ಅಲ್ಲಿ ಒಳ್ಳೆಯ ಅವಕಾಶವಿದೆ. 120 ಗಂಟೆಯ ಆನ್‌ಲೈನ್ ಪ್ರಮಾಣಪತ್ರದಿಂದ ಅರ್ಜಿಯ ಒಂದು ಖಾನೆ ತುಂಬುತ್ತದೆ, ತರಗತಿಯನ್ನು ನಡೆಸುವುದು ಬರುವುದಿಲ್ಲ. ಹೊರಡುವ ಮೊದಲು ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ವಾರಕ್ಕೆ ಎರಡು ದಿನವಾದರೂ ಮಕ್ಕಳೆದುರು ನಿಂತು ನೋಡಿ.

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯಲ್ಲಿ 22 ವರ್ಷದಿಂದ ಇಂಗ್ಲಿಷ್ ಶಿಕ್ಷಕಿ. ವಯಸ್ಸು 47. ಮಗನ ಓದು ಮುಗಿದಿದೆ. ಮಾಲ್ಡೀವ್ಸ್‌ಗೆ ಎರಡು ವರ್ಷದ ಮಟ್ಟಿಗೆ ಹೋಗಬೇಕೆಂಬ ಆಸೆ ಬಲವಾಗಿದೆ. ವಯಸ್ಸು ಅಡ್ಡಿಯಾಗುತ್ತದೆಯೇ? ಅಲ್ಲಿನ ತರಗತಿ ಹೇಗಿರುತ್ತದೆ? ಮೊದಲ ದಿನಕ್ಕೆ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: 47 ದೊಡ್ಡ ಅಡ್ಡಿಯಲ್ಲ, ನಾನಿದ್ದ ದ್ವೀಪದಲ್ಲಿ ಐವತ್ತು ದಾಟಿದ ಇಬ್ಬರು ಭಾರತೀಯ ಶಿಕ್ಷಕಿಯರಿದ್ದರು. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಈಗಿನ ನೌಕರಿ. ಆಡಳಿತ ಮಂಡಳಿಯವರ ಬಾಯಿಮಾತಿನ ಒಪ್ಪಿಗೆ ನಂಬಿ ಹೋಗಬೇಡಿ. ರಜೆಯ ಮಂಜೂರಾತಿ ಶಿಕ್ಷಣ ಇಲಾಖೆಯಿಂದ ಲಿಖಿತವಾಗಿ ಕೈಗೆ ಬಂದ ಮೇಲೆಯೇ ಟಿಕೆಟ್ ಮಾಡಿಸಿ. ಅನಧಿಕೃತ ಗೈರುಹಾಜರಿ ಎಂದಾದರೆ 22 ವರ್ಷದ ಸೇವೆಗೇ ಕುತ್ತು ಬರುತ್ತದೆ. ಇನ್ನೊಂದು ವಿಷಯವನ್ನು ಶಾಲೆಯವರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಅಲ್ಲಿ ಸಂಬಳ ರುಫಿಯಾದಲ್ಲಿ ಬರುತ್ತದೆ, ಅದನ್ನು ಡಾಲರಿಗೆ ಬದಲಾಯಿಸಿ ಊರಿಗೆ ಕಳಿಸುವುದಕ್ಕೆ ಮಿತಿ ಇರುತ್ತದೆ. ತಿಂಗಳಿಗೆ ಎಷ್ಟು ಕಳಿಸಬಹುದು ಎಂಬುದು ಸಂಬಳದ ಅಂಕಿಯಷ್ಟೇ ಮುಖ್ಯ.

ದ್ವೀಪ ಎಂದರೆ ನಿಮ್ಮ ಕರಾವಳಿಯ ಕಣ್ಣಿಗೂ ಹೊಸದೇ. ನಾನಿದ್ದದ್ದನ್ನು ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದಿತ್ತು. ತರಕಾರಿ ದೋಣಿಯಲ್ಲಿ ಬರಬೇಕು. ಗಾಳಿ ಜೋರಾದ ವಾರ ಈರುಳ್ಳಿ, ಅನ್ನ, ಮೀನು ಇಷ್ಟೇ. ಶುಕ್ರವಾರ, ಶನಿವಾರ ರಜೆ, ಭಾನುವಾರ ಶಾಲೆ. ಒಂಟಿತನ ಮೊದಲ ಮೂರು ತಿಂಗಳು ಕಾಡುತ್ತದೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಮಕ್ಕಳ ಮನೆಮಾತು ದಿವೆಹಿ, ಅದರ ತಾನಾ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ನನ್ನ ತರಗತಿಯ ಕೆಲವು ಮಕ್ಕಳು ಒಂದೇ ನೋಟುಬುಕ್ಕಿನಲ್ಲಿ ಈ ತುದಿಯಿಂದ ಇಂಗ್ಲಿಷನ್ನೂ ಆ ತುದಿಯಿಂದ ದಿವೆಹಿಯನ್ನೂ ಬರೆಯುತ್ತಿದ್ದರು. ವರ್ಷದ ಕೊನೆಗೆ ಎರಡು ಬರಹಗಳೂ ಪುಸ್ತಕದ ನಡುವೆ ಬಂದು ಸೇರುತ್ತಿದ್ದವು.

ಮೊದಲ ದಿನದ ತಯಾರಿಯ ಬಗ್ಗೆ ಕೇಳಿದ್ದೀರಿ. ನಾನು ಆ ದಿನ ಐದನೇ ತರಗತಿಗೆ ಒಂದು ಪದ್ಯ, ಅದರ ಸಾರಾಂಶ, ಹನ್ನೆರಡು ಕಠಿಣ ಪದಗಳ ಪಟ್ಟಿ ತಯಾರಿಸಿಕೊಂಡು ಹೋಗಿದ್ದೆ. ಹತ್ತು ನಿಮಿಷದಲ್ಲೇ ಮಕ್ಕಳ ಕಣ್ಣು ಕಿಟಕಿಯಾಚೆಗೆ ಹೋಯಿತು. ಕಿಟಕಿಯ ಆಚೆ ಸಮುದ್ರ, ಟ್ಯೂನಾ ಹಿಡಿದು ಮರಳುತ್ತಿದ್ದ ದೋಣಿ. ಬೇರೇನೂ ತೋಚದೆ, ಅದು ಯಾರ ದೋಣಿ ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ‘ಮೈ ಫಾದರ್’ ಎಂದ. ಹೇಗೆ ಹಿಡಿಯುತ್ತಾರೆ ಎಂದೆ. ಅವನಿಗೆ ಮುಂದಿನ ಮಾತು ಸಿಗಲಿಲ್ಲ. ಅಲ್ಲಿ ಬಲೆ ಬೀಸುವುದಿಲ್ಲ, ಉದ್ದನೆಯ ಕೋಲಿನ ತುದಿಗೆ ಗಾಳ ಕಟ್ಟಿ ಒಂದೊಂದೇ ಮೀನನ್ನು ಎಳೆಯುತ್ತಾರೆ. ಹುಡುಗ ಬೆಂಚಿನಿಂದ ಈಚೆ ಬಂದು, ಎರಡೂ ಕೈಯಿಂದ ಕಾಣದ ಕೋಲು ಹಿಡಿದು ಬಗ್ಗಿ, ಒಮ್ಮೆಗೇ ಎಳೆದು, ತಲೆಯ ಮೇಲಿಂದ ಹಿಂದಕ್ಕೆ ಎಸೆದ. ನಾನು ಬೋರ್ಡಿನ ಮೇಲೆ ‘ಪುಲ್’ ಎಂದು ಬರೆದೆ. ಅವನು ಮತ್ತೆ ಮಾಡಿ ತೋರಿಸಿದ. ‘ಥ್ರೋ’ ಎಂದು ಬರೆದೆ. ಮೀನು ದೋಣಿಯ ಹಲಗೆಗೆ ಬಿದ್ದು ಒದ್ದಾಡುವುದನ್ನು ಇನ್ನೊಬ್ಬಳು ಅಂಗೈಯಿಂದ ಮೇಜು ಬಡಿದು ತೋರಿಸಿದಳು. ಗಂಟೆ ಹೊಡೆಯುವ ಹೊತ್ತಿಗೆ ಬೋರ್ಡಿನ ಮೇಲೆ ಒಂಬತ್ತು ಕ್ರಿಯಾಪದಗಳಿದ್ದವು, ಎಲ್ಲವೂ ಅವರು ಕೈಯಿಂದ ಕೇಳಿದವು.

ಆದ್ದರಿಂದ ಪದಗಳ ಪಟ್ಟಿ ಮಾಡಿಕೊಂಡು ಹೋಗಬೇಡಿ. ಹೋಗುವ ದ್ವೀಪದ ಹೆಸರು ತಿಳಿದ ಕೂಡಲೇ ಅಲ್ಲಿನ ಜನ ಏನು ಕೆಲಸ ಮಾಡುತ್ತಾರೆ, ಏನು ಉಣ್ಣುತ್ತಾರೆ, ಮಕ್ಕಳು ಸಂಜೆ ಏನು ಆಡುತ್ತಾರೆ ಎಂದು ಅಲ್ಲಿರುವ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಿ. ದಿವೆಹಿಯ ಇಪ್ಪತ್ತು ಮಾತು ಕಲಿತುಕೊಳ್ಳಿ. ನಿಮ್ಮೂರ ದೋಣಿ, ಗಾಳ, ಬಲೆಗಳ ನಾಲ್ಕಾರು ಚಿತ್ರಗಳನ್ನು ಜೊತೆಗೆ ಒಯ್ಯಿರಿ, ನೀವೂ ಸಮುದ್ರದ ಕಡೆಯವರೇ ಎಂದು ತಿಳಿದರೆ ಆ ಮಕ್ಕಳು ಬೇಗ ಮಾತಿಗೆ ಬರುತ್ತಾರೆ. ಹೋಗಿ ಬಂದ ಮೇಲೆ, ಅಥವಾ ಅಲ್ಲಿಂದಲೇ, ಮೊದಲ ತಿಂಗಳ ತರಗತಿ ಹೇಗಿತ್ತೆಂದು ನನಗೊಂದು ಪತ್ರ ಬರೆಯಿರಿ.